ಬೆಟ್ಟಣ್ಣ ಬೆಟ್ಟ ಹತ್ತಿದ್ದು

ಹಳೇ ಪೇಟೆಯಲ್ಲಿ ಬೆಟ್ಟದ ಮಾತು ಬಂದರೆ ಬೆಟ್ಟಣ್ಣನದೇ ಕೊನೆಯ ಮಾತು. ಕೋಟೆ ನೋಡಲು ಬಂದ ಪ್ರವಾಸಿಗಳನ್ನು ಬೆಳಿಗ್ಗೆ ವ್ಯಾನಿಗೆ ಹತ್ತಿಸಿಕೊಂಡು, ಊರಾಚೆಯ ಕಾಡು ದಾಟಿಸಿ, ಬೆಟ್ಟ ತೋರಿಸಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಗಡಿಯಾರದ ಗೋಪುರದ ಬುಡದಲ್ಲಿ ಇಳಿಸುವುದು ಅವನ ಕೆಲಸ. ಪ್ರಾಯದಲ್ಲಿ ಹಿಡಿದ ಸ್ಟಿಯರಿಂಗನ್ನು ಮೀಸೆ ನರೆತರೂ ಬಿಟ್ಟಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ಬೆಟ್ಟಣ್ಣ.

ಮೇಲೆ ಮಂಜಿದೆಯೋ ಇಲ್ಲವೋ, ಮಕ್ಕಳನ್ನು ಕರೆದೊಯ್ಯಬಹುದೋ ಬೇಡವೋ, ಎಂಥ ಚಪ್ಪಲಿ ಮೆಟ್ಟಿಕೊಳ್ಳಬೇಕು, ಎಲ್ಲಕ್ಕೂ ಅವನಲ್ಲಿ ಉತ್ತರ ತಯಾರಿರುತ್ತಿತ್ತು. "ಮೊದಲು ಮೊಸಳೆ ಬಂಡೆ ಸಿಗುತ್ತೆ. ಅದರ ಬೆನ್ನ ಮೇಲೆ ಕೂತು ಒಂದು ಫೋಟೋ ಹೊಡ್ಕೊಳ್ಳಿ. ಆಮೇಲೆ ತುದಿ. ಅಲ್ಲಿಂದ ನೋಡಿದ್ರೆ ನಮ್ಮೂರು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತೆ. ಬಂಡೆ ಹಿಂದಕ್ಕೆ ಹೋದ್ರೆ ಕೊಳ. ಕಾಲು ಇಳಿಬಿಟ್ಕೊಂಡು ಕೂತವರಿಗೆ ಎದ್ದು ಬರೋಕೇ ಮನಸ್ಸಾಗಲ್ಲ, ನೋಡ್ತಾ ಇರಿ!" ಎಂದು ಅವನು ಹೇಳುತ್ತಿದ್ದರೆ, ಅರ್ಧ ಬೆಟ್ಟ ಕೂತಲ್ಲೇ ಹತ್ತಿದಂತಾಗುತ್ತಿತ್ತು.

ಇಷ್ಟೆಲ್ಲ ಹೇಳುತ್ತಿದ್ದ ಬೆಟ್ಟಣ್ಣ ಆ ಬೆಟ್ಟವನ್ನು ಒಂದೇ ಒಂದು ಸಲವೂ ಹತ್ತಿರಲಿಲ್ಲ.

ನಗಬೇಡಿ. ಡ್ರೈವರ್ ಆದವನ ಬೆಟ್ಟ ಗಾಡಿ ನಿಲ್ಲಿಸುವ ಬಯಲಿಗೇ ಮುಗಿಯುತ್ತದೆ. "ಗಾಡಿ ಬಿಟ್ಟು ಕದಲಕೂಡದು" ಎಂದು ಮಾಲೀಕರು ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಕಾಡಿನ ಕೋತಿಗಳು ವೈಪರ್ ಕಿತ್ತು, ಕನ್ನಡಿ ತಿರುಚಿ, ಕಿಟಕಿಯ ಸಂದಿಯಲ್ಲಿ ಕೈ ತೂರಿಸಿ ಚೀಲಗಳನ್ನು ಜಾಲಾಡುತ್ತಿದ್ದವು. ಹಾಗಾಗಿ ಪ್ರವಾಸಿಗಳು ಮೇಲೆ ಹೋದರೆ ಬೆಟ್ಟಣ್ಣ ಮರದಡಿ ಟೀ ಅಂಗಡಿಯವನ ಜೊತೆ ಇಸ್ಪೀಟು ಆಡುತ್ತಿದ್ದ, ಎಲೆ ಕೈಕೊಟ್ಟರೆ ಸೀಟಿನಲ್ಲಿ ಉರುಳಿ ಒಂದು ನಿದ್ದೆ ತೆಗೆಯುತ್ತಿದ್ದ. ಬೆಟ್ಟದ ವಿದ್ಯೆ ಅವನಿಗೆ ಬಂದದ್ದು ವಾಪಸು ಹೋಗುವಾಗ, ಹಿಂದಿನ ಸೀಟುಗಳ ಹರಟೆಯಿಂದ. ಒಬ್ಬರು ಕೊಳ ಅಂದರು, ಒಬ್ಬರು ಊರು ಕಾಣಿಸಿತು ಅಂದರು, ಇನ್ನೊಬ್ಬರು ಮೊಸಳೆ ಬಂಡೆ ಅಂದರು. ಅವನು ಎಲ್ಲವನ್ನೂ ಕೇಳಿಸಿಕೊಂಡು ಒಂದಕ್ಕೊಂದು ಹೊಲಿದಿಟ್ಟುಕೊಂಡ. ಆಗೀಗ ಯಾರಾದರೂ "ಕೊಳ ಸಿಗಲೇ ಇಲ್ಲವಲ್ಲ ಅಣ್ಣ" ಎಂದು ಗೊಣಗಿದರೆ, "ಈ ವರ್ಷ ಮಳೆ ಕಮ್ಮಿ, ಬತ್ತಿಹೋಗಿರಬೇಕು" ಎಂದು ಗೇರು ಬದಲಿಸುತ್ತಿದ್ದ.

ಹೊರಗಿನವರಿಗೆ ಹೇಳಿದ್ದು ಹಾಳಾಗಲಿ, ಅವರು ಬಂದು ಹೋಗುವವರು. ಅವನಿಗೆ ನಿಜವಾಗಿ ಭಯವಿದ್ದದ್ದು ಹೆಂಡತಿಯದು.

ಅವಳಿಗೆ ಇಸ್ತ್ರಿ ಅಂಗಡಿ. ಕೋಟೆಯ ಹಿಂಗೋಡೆಗೆ ಆತುಕೊಂಡ ಗಲ್ಲಿಯಲ್ಲಿ ಮನೆಯ ಮುಂದಿನ ಕೋಣೆಯೇ ಅಂಗಡಿ. ಎತ್ತರದ ಮೇಜು, ಅದರ ಮೇಲೆ ಸುಟ್ಟ ಗುರುತುಗಳಿದ್ದ ದಪ್ಪ ಕಂಬಳಿ, ನೀರು ಚಿಮುಕಿಸಲು ಮುಚ್ಚಳಕ್ಕೆ ತೂತು ಕೊರೆದ ಬಾಟಲಿ, ಗೋಡೆಯುದ್ದಕ್ಕೂ ತೂಗುವ ಊರವರ ಅಂಗಿಗಳು. ಗಲ್ಲಿಯವರು ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ತಾನು ಹಾಕಿದ ಮಡಿಕೆಯನ್ನು ಅವಳು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು. ಬೇರೆ ಅಂಗಡಿಯಲ್ಲಿ ಇಸ್ತ್ರಿ ಮಾಡಿಸಿಕೊಂಡವರು ಅವಳ ಮುಂದೆ ಸುಳಿಯಲು ಹೆದರಿ ಪಕ್ಕದ ಗಲ್ಲಿ ಸುತ್ತಿ ಹೋಗುತ್ತಿದ್ದರು ಎಂದರೆ ಸುಳ್ಳಲ್ಲ.

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಅವಳು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು, "ಬೆಟ್ಟದ ಮೇಲೆ ಏನೇನಿದೆ ರೀ?" ಎಂದು ಕೇಳಿದ್ದಳು. "ನನಗೇನು ಗೊತ್ತು, ನಾನು ಕೆಳಗೆ ಕೂತಿರ್ತೀನಿ" ಎನ್ನಬೇಕಿತ್ತು. ಮಾತು ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ದಿನವಿಡೀ ಬಿಸಿ ಕಬ್ಬಿಣದ ಜೊತೆ ಗುದ್ದಾಡಿ ಬೆವತ ಹುಡುಗಿ ಕಣ್ಣರಳಿಸಿಕೊಂಡು ನಿಂತಿದ್ದಳು. ಬೆಟ್ಟಣ್ಣನಿಗೆ ಕರುಳು ಚುರುಕ್ ಎಂದಿತು. ಅಂದು ವ್ಯಾನಿನಲ್ಲಿ ಯಾರೋ ಆಡಿದ ಮಾತನ್ನು ತಾನೇ ಕಂಡವನಂತೆ ಹೇಳಿಬಿಟ್ಟ. ಮರುದಿನ ಅವಳು ಮತ್ತೆ ಕೇಳಿದಳು. ಬೇರೆ ಗಂಡಸರು ಮನೆಗೆ ಬರುವಾಗ ಹಣ್ಣೋ ತಿಂಡಿಯೋ ಕಟ್ಟಿಸಿಕೊಂಡು ಬಂದಂತೆ, ಇವನು ದಿನಾ ಬೆಟ್ಟದ ಒಂದು ಸುದ್ದಿ ಹೊತ್ತು ತರತೊಡಗಿದ. ಅವನ ತಾಯಿ ಕೂಡ ಮೂಲೆಯ ಮಂಚದ ಮೇಲೆ ಕಾಲು ನೀಡಿ ಕೂತು ಕಿವಿಗೊಡುತ್ತಿದ್ದರು. ಹೀಗೇ ಒಂದು ದಿನ ಉತ್ಸಾಹದಲ್ಲಿ, "ನಿನ್ನನ್ನೂ ಕರ್ಕೊಂಡು ಹೋಗ್ತೀನಿ ಕಣೇ. ಕೊಳದಲ್ಲಿ ಕಾಲಿಟ್ಕೊಂಡು ನಮ್ಮನೆ ತಾರಸಿ ನೋಡುವಿಯಂತೆ" ಎಂದು ಮಾತು ಕೊಟ್ಟ.

ಆ ಮಾತನ್ನು ಅವಳು ಜೋಪಾನ ಮಾಡಿದಳು. ಇವನು ಏನಾದರೊಂದು ನೆಪ ಹೇಳಿ ವರ್ಷಗಳನ್ನು ತಳ್ಳಿದ. ಸೀಟು ಖಾಲಿಯಿಲ್ಲ, ಮಂಜು ಬಿದ್ದಿದೆ, ಗಾಡಿಯ ಬ್ರೇಕು ಸರಿಯಿಲ್ಲ. ಅವಳು ಬೇಸರಿಸಲಿಲ್ಲ. "ನಮ್ಮನೆಯವರು ಕಂಡಿದ್ದನ್ನ ಕಂಡ ಹಾಗೆ ಹೇಳ್ತಾರೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿಯಿಲ್ಲ" ಎಂದು ಅಂಗಿಯ ಕಾಲರ್ ಒತ್ತುತ್ತ ಗಿರಾಕಿಗಳಿಗೆ ಹೇಳುತ್ತಿದ್ದಳು. ಒಳಗೆ ಊಟಕ್ಕೆ ಕೂತ ಬೆಟ್ಟಣ್ಣ ತಟ್ಟೆ ಎತ್ತಿಕೊಂಡು ಆ ಮಾತು ಕೇಳಿಸದ ಮೂಲೆಗೆ ಸರಿಯುತ್ತಿದ್ದ.

ಕೊನೆಗೆ ಸಿಕ್ಕಿಬಿದ್ದದ್ದು ಮಾಲೀಕರ ಒಳ್ಳೆಯತನದಿಂದ. ಹೊಸ ವ್ಯಾನು ಬರುವುದಿತ್ತು. ಅಂಗಿ ಒಯ್ಯಲು ಬಂದ ಮಾಲೀಕರು, ಇಸ್ತ್ರಿಯಕ್ಕನ ಎದುರಿಗೇ, "ಹಳೇ ಗಾಡಿನ ನಾಡಿದ್ದು ಬೇರೆಯವರು ಒಯ್ತಾರೆ. ನಾಳೆ ಒಂದಿನ ಅದು ನಿನ್ನದು. ಮನೆಯವರನ್ನ ಬೆಟ್ಟಕ್ಕೆ ಕರ್ಕೊಂಡು ಹೋಗಯ್ಯಾ" ಅಂದುಬಿಟ್ಟರು. ಅವರು ಹೊಸ್ತಿಲು ದಾಟುವ ಮೊದಲೇ ಅವಳು ಅಂಗಡಿಯ ಬಾಗಿಲಿಗೆ 'ನಾಳೆ ರಜೆ' ಎಂದು ಸೀಮೆಸುಣ್ಣದಲ್ಲಿ ಬರೆದಾಗಿತ್ತು. ಬೆಟ್ಟ ತಾನು ಹೇಳಿದಂತೆ ಇಲ್ಲದಿದ್ದರೆ ಅಷ್ಟೂ ಸಂಜೆಗಳ ಮಾತು ಮಣ್ಣುಪಾಲಾಗುತ್ತದೆ, ಇನ್ನು ಮೇಲೆ ತಾನು 'ಉಪ್ಪು ತಂದೆ' ಎಂದರೂ ಅವಳು ಚೀಲ ಬಿಚ್ಚಿ ನೋಡುತ್ತಾಳೆ ಎಂದುಕೊಂಡು ಬೆಟ್ಟಣ್ಣ ಅಂದು ಸರಿಯಾಗಿ ಊಟ ಕೂಡ ಮಾಡಲಿಲ್ಲ.

ಬೆಳಿಗ್ಗೆ ಅವನ ತಾಯಿಯ ಸಡಗರವೇ ಸಡಗರ. ಮಂಡಿನೋವಿನವರು, ಬೆಟ್ಟ ಹತ್ತುವಂತಿರಲಿಲ್ಲ. ಅದಕ್ಕೆ ಅವರೇ ಒಂದು ಉಪಾಯ ಹೂಡಿದ್ದರು. "ನನ್ನ ಕೆಂಪು ಹೊದಿಕೆ ತಗೊಂಡು ತಾರಸಿ ಮೇಲೆ ನಿಂತು ಬೀಸ್ತೀನಿ. ಮಧ್ಯಾಹ್ನ ಫೋನ್ ಮಾಡ್ತೀನಿ. ಕಾಣ್ತೀನೋ ಇಲ್ವೋ ನೋಡಿ ಹೇಳಬೇಕು."

ಸೊಸೆ ಆ ಹೊದಿಕೆಗೆ ಇಸ್ತ್ರಿ ಹಾಕತೊಡಗಿದಳು.

"ಬೀಸೋ ಹೊದಿಕೆಗೆ ಇಸ್ತ್ರಿ ಯಾಕೆ?" ಎಂದ ಬೆಟ್ಟಣ್ಣ.

"ಬೆಟ್ಟದ ತನಕ ಕಾಣೋ ಬಟ್ಟೆ ರೀ. ಸುಕ್ಕು ಕಂಡ್ರೆ ಯಾರ ಮರ್ಯಾದೆ ಹೋಗೋದು?" ಎಂದು ಅವಳು ಹೊದಿಕೆಯನ್ನು ನೀಟಾಗಿ ಚೌಕಕ್ಕೆ ಮಡಿಸಿ, ಮೇಲಿನ ಮೂಲೆಯನ್ನು ತನ್ನ ಅಭ್ಯಾಸದಂತೆ ಒಳಕ್ಕೆ ತಿರುವಿ, ಮಂಚದ ಕಾಲ್ದೆಸೆಯಲ್ಲಿಟ್ಟಳು. "ಮೆಟ್ಟಿಲು ಹುಷಾರು ಅತ್ತೆ. ಆಗದೇ ಇದ್ರೆ ಬೇಡ."

"ನನ್ನ ಮಂಡಿ ಚಿಂತೆ ನನಗೆ ಬಿಡು. ನೀವು ಕಣ್ಣು ಸರಿಯಾಗಿ ಉಜ್ಜಿಕೊಂಡು ನೋಡಿ ಸಾಕು," ಎಂದರು ಅತ್ತೆ.

ವ್ಯಾನು ಕೋಟೆಬಾಗಿಲು ದಾಟಿತು. ಇಸ್ತ್ರಿಯಕ್ಕ ಮುಂದಿನ ಸೀಟಿನಲ್ಲಿ ಬುತ್ತಿಯ ಚೀಲ ಮಡಿಲಲ್ಲಿಟ್ಟುಕೊಂಡು ರಾಣಿಯ ಹಾಗೆ ಕೂತಿದ್ದಳು. ಬೆಟ್ಟಣ್ಣ ಕನ್ನಡಿಯಲ್ಲಿ ಹಿಂದೆ ನೋಡಿ ತಲೆ ಎಣಿಸಲು ಹೊರಟು ಸುಮ್ಮನಾದ. ಅಭ್ಯಾಸಬಲ, ಹಳೇ ಕಾಲುವೆ ಬಂದಾಗ ಗಂಟಲು ಸರಿಮಾಡಿಕೊಂಡು, "ಎಲ್ಲರೂ ಎಡಕ್ಕೆ ನೋಡಿ" ಎಂದ. ತಿರುವುಗಳು ಶುರುವಾದಾಗ, "ಹೊಟ್ಟೆ ತೊಳಸೋರು ಮುಂದೆ ಬನ್ನಿ, ಕವರ್ ಇದೆ" ಎಂದ.

"ಇರೋದು ನಾನೊಬ್ಬಳೇ ಕಣ್ರೀ. ಮುಂದೇನೇ ಕೂತಿದೀನಿ," ಎಂದು ಅವಳು ನಗತೊಡಗಿದಳು. ನಗುನಗುತ್ತಲೇ ಕಾಡು ಬಂತು. ರಸ್ತೆಯ ಮೇಲೆ ಎಲೆಗಳ ನೆರಳು ಆಡುತ್ತಿತ್ತು, ಕಿಟಕಿಯಿಂದ ಒದ್ದೆ ಮಣ್ಣಿನ ವಾಸನೆ ಒಳಗೆ ಬಂತು. ಅವಳು ಕೈ ಹೊರಗಿಟ್ಟು ಗಾಳಿ ಹಿಡಿದಳು. ದಿನಾ ಬಿಸಿ ಹಿಡಿಯುವ ಕೈ ಅದು. ಬೆಟ್ಟಣ್ಣನಿಗೆ ಖುಷಿಯೂ ಆಯಿತು, ಭಯವೂ ಆಯಿತು.

ಬಯಲಿನಲ್ಲಿ ಗಾಡಿ ನಿಂತಿದ್ದೇ ತಡ, ಟೀ ಅಂಗಡಿಯವನು ಕೂಗಿದ: "ಬಾರಯ್ಯಾ, ಎಲೆ ಹಂಚಲಾ?"

"ಇವತ್ತು ಎಲೆಗಿಲೆ ಇಲ್ಲ ಅಣ್ಣ. ಇವರು ನನ್ನ ಜೊತೆ ಮೇಲಕ್ಕೆ ಬರ್ತಾರೆ," ಎಂದಳು ಇಸ್ತ್ರಿಯಕ್ಕ.

"ಮೇಲಕ್ಕಾ? ಇವನಾ?" ಎಂದು ಅವನು ಬಾಯಿ ತೆರೆದೇ ನಿಂತ. ಹೆಂಡತಿಯ ಬೆನ್ನ ಹಿಂದಿನಿಂದ ಬೆಟ್ಟಣ್ಣ ತುಟಿಗೆ ಬೆರಳಿಟ್ಟು ಕಣ್ಣಲ್ಲೇ ಬೇಡಿಕೊಂಡ. ಟೀ ಅಂಗಡಿಯವನು ನಾಲಗೆ ಕಚ್ಚಿಕೊಂಡ. "ಅಲ್ಲ... ಇವತ್ತೂ ಮೇಲಕ್ಕಾ ಅಂದೆ. ದಿನಾ ಹತ್ತಿ ಹತ್ತಿ ಕಾಲು ಬಿದ್ದೋಗಲ್ವಾ ಪಾಪ ಅಂತ. ಹೋಗಿ ಬನ್ನಿ, ಕೋತಿಗಳನ್ನ ನಾನು ನೋಡ್ಕೋತೀನಿ."

ದಾರಿ ಮರಗಳ ನಡುವೆ ನುಗ್ಗಿ ಒಂದು ತಿರುವು ತೆಗೆದುಕೊಂಡಿತು. ಬಯಲಿನಿಂದ ಕಾಣುತ್ತಿದ್ದದ್ದು ಆ ತಿರುವಿನ ತನಕ ಮಾತ್ರ. ತಿರುವು ದಾಟಿದರೆ ದಾರಿ ಎರಡಾಗಿ ಕವಲೊಡೆದಿತ್ತು. ಬೆಟ್ಟಣ್ಣ ಗಕ್ಕನೆ ನಿಂತ. ಕವಲಿನ ವಿಷಯ ಹಿಂದಿನ ಸೀಟಿನ ಯಾರೂ ಹೇಳಿರಲಿಲ್ಲ.

"ಯಾವ ಕಡೆ ರೀ?"

"ಇದೇನು ಕೇಳೋದು? ಬಲಗಡೆ," ಎಂದು ಅವನು ಧೈರ್ಯವಾಗಿ ಹೊರಟ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಏದುಸಿರು ಬಂತು. ಸೀಟಿನಲ್ಲಿ ಕೂತು ಬೆಳೆದ ಹೊಟ್ಟೆ ಒಂದೊಂದು ಏರಿಗೂ ತಗಾದೆ ತೆಗೆಯಿತು. ದಿನವಿಡೀ ನಿಂತೇ ದುಡಿಯುವ ಇಸ್ತ್ರಿಯಕ್ಕ ಮುಂದೆ ಮುಂದೆ ಹೋಗಿ, ಕಾಯುತ್ತ ನಿಂತು, ಮತ್ತೆ ಮುಂದೆ ಹೋಗುತ್ತಿದ್ದಳು. "ದಿನಾ ಹತ್ತೋರಿಗೆ ಇದೇನು ರೀ ಇಷ್ಟೊಂದು ದಮ್ಮು?"

"ರಾತ್ರಿ ನಿದ್ದೆ ಆಗ್ಲಿಲ್ಲ," ಎಂದ. ಅದೊಂದು ಮಾತು ಅಪ್ಪಟ ನಿಜವಾಗಿತ್ತು.

"ಮೊಸಳೆ ಬಂಡೆ ಎಲ್ಲಿ?"

"ಮುಂದೆ."

ಮುಂದೆ ಪೊದೆ ಸಿಕ್ಕಿತು, ಉರುಳಿಬಿದ್ದ ಮರ ಸಿಕ್ಕಿತು, ಹಕ್ಕಿಗಳು ಸಿಕ್ಕವು. ಮೊಸಳೆ ಮಾತ್ರ ಸಿಗಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಅವಳು ಕೇಳದೆ ಸುಮ್ಮನಾದದ್ದೇ ಬೆಟ್ಟಣ್ಣನಿಗೆ ಹೆಚ್ಚು ಕಷ್ಟವಾಯಿತು.

ಅಷ್ಟರಲ್ಲಿ ಮರಗಳು ಮುಗಿದು ಆಕಾಶ ತೆರೆದುಕೊಂಡಿತು. ತುದಿಯಲ್ಲಿ ಒಂದು ದೊಡ್ಡ ಬಂಡೆ, ಅದರಾಚೆ ಕೆಳಗೆ, ದೂರದಲ್ಲಿ, ಊರು. ಕೋಟೆಯ ಗೋಡೆ ದಾರದೆಳೆಯಷ್ಟು ಕಾಣುತ್ತಿತ್ತು. ಗಡಿಯಾರದ ಗೋಪುರದ ಹಸಿರು ಗುಮ್ಮಟ ಬಿಸಿಲಿಗೆ ಮಿನುಗುತ್ತಿತ್ತು. ಇಸ್ತ್ರಿಯಕ್ಕ ಎರಡೂ ಕೈ ಕೆನ್ನೆಗಿಟ್ಟುಕೊಂಡಳು. "ಅಯ್ಯೋ, ನೀವು ಹೇಳಿದ ಹಾಗೇ ಇದೆಯಲ್ಲ ರೀ! ಹಾಗೇ ಇದೆ!"

ಬೆಟ್ಟಣ್ಣ ಅಲ್ಲೇ ಕೂತ. ಅವನೂ ಅದನ್ನು ಮೊದಲ ಸಲ ನೋಡುತ್ತಿದ್ದ. ಅಷ್ಟು ಸಲ ವರ್ಣಿಸಿದ್ದು ನಿಜವಾಗಿಯೂ ಇತ್ತು, ತಾನು ವರ್ಣಿಸಿದ್ದಕ್ಕಿಂತ ಚೆನ್ನಾಗಿತ್ತು. ಅವನ ಕಣ್ಣು ತುಂಬಿತು. ಬೆವರು ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡ. ಗೆದ್ದೆ ಅಂದುಕೊಂಡ.

ಅವಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕೊಳಕ್ಕೆಂದು ಬಂಡೆಯ ಹಿಂದಕ್ಕೆ ಹೋದಳು. ಹೋದಷ್ಟೇ ಬೇಗ ವಾಪಸು ಬಂದಳು.

"ಕೊಳ ಎಲ್ಲಿ ರೀ?"

"ಈ ವರ್ಷ ಮಳೆ ಕಮ್ಮಿ..." ಎಂದಿತು ಅವನ ಬಾಯಿ, ತನ್ನಷ್ಟಕ್ಕೆ ತಾನೇ.

"ಕೊಳ ಬತ್ತಿದ್ರೂ ಗುಂಡಿ ಆದ್ರೂ ಇರಬೇಕಲ್ಲ? ಅಲ್ಲಿ ನೆಲಾನೇ ಇಲ್ಲ. ಬರೀ ಪ್ರಪಾತ."

ಬೆಟ್ಟಣ್ಣ ಅವಳ ಮುಖ ನೋಡಿದ. ಇನ್ನೊಂದು ಸುಳ್ಳು ಹುಡುಕಿದ. ಹಿಂದಿನ ಸೀಟಿನಿಂದ ಯಾವ ಮಾತೂ ಬರಲಿಲ್ಲ. "ನಾನು ಇಲ್ಲಿಗೆ ಬಂದೇ ಇಲ್ಲ ಕಣೇ," ಎಂದ. "ಯಾವತ್ತೂ ಬಂದಿಲ್ಲ. ಕೆಳಗೆ ಕೂತು ಇಸ್ಪೀಟಾಡ್ತಿದ್ದೆ. ಹೇಳಿದ್ದೆಲ್ಲ ಅವರಿವರ ಬಾಯಲ್ಲಿ ಕೇಳಿದ್ದು."

ಅವಳು ಚಪ್ಪಲಿಯನ್ನು ಕೆಳಗೆ ಹಾಕಿದಳು. ಅವಳಿಗೆ ಕೋಪ ಬಂದಿತ್ತು, ಕೋಪಕ್ಕಿಂತ ಹೆಚ್ಚಾಗಿ ನೋವಾಗಿತ್ತು. "ಬರೋ ಗಿರಾಕಿಗಳಿಗೆಲ್ಲ ಹೇಳಿದೀನಲ್ಲ ರೀ, ನಮ್ಮನೆಯವರು ಕಣ್ಣಾರೆ ಕಂಡಿದ್ದು ಅಂತ. ಬಂಡೆ ಹಿಂದೆ ಹೋಗಿ, ಕೊಳ ಇದೆ ಅಂತ! ಎಷ್ಟು ಜನರನ್ನ ಆ ಪ್ರಪಾತದ ಕಡೆ ಕಳಿಸಿದೀನೋ ನಾನು!" ಅವಳು ಅವನ ಕಡೆ ತಿರುಗಿದಳು. "ಗೊತ್ತಿಲ್ಲ ಅನ್ನೋಕೆ ಏನಾಗಿತ್ತು ನಿಮಗೆ? ಒಂದೇ ಒಂದು ಮಾತು."

ಆಗ ಅವಳ ಚೀಲದಲ್ಲಿ ಫೋನು ಹೊಡೆದುಕೊಂಡಿತು.

"ಕಾಣ್ತಿದೀನೇನೇ?" ಅತ್ತೆಯ ದನಿ ಬಂಡೆಗೂ ಕೇಳುವಷ್ಟು ಜೋರಾಗಿತ್ತು. "ತಾರಸಿ ಮೇಲೆ ನಿಂತಿದೀನಿ. ಅಬ್ಬಾ, ಏನು ಬಿಸಿಲು! ಬೀಸಿ ಬೀಸಿ ಕೈ ಬಿದ್ದೋಗ್ತಿದೆ. ಕೆಂಪು ಕಾಣುತ್ತೋ ಇಲ್ವೋ?" ದನಿಯ ಹಿಂದೆ ಎಲ್ಲೋ ಕುಕ್ಕರ್ ಸೀಟಿ ಹೊಡೆಯಿತು.

ಇಸ್ತ್ರಿಯಕ್ಕ ಊರಿನತ್ತ ನೋಡಿದಳು. ಗುಮ್ಮಟ ಬಿಟ್ಟರೆ ಉಳಿದದ್ದೆಲ್ಲ ಕಂದು ಬಿಳಿ ಕಲಸಿಟ್ಟ ಹಾಗಿತ್ತು. ಗಲ್ಲಿ ಕಾಣುತ್ತಿರಲಿಲ್ಲ, ಇನ್ನು ಮನೆಯೆಲ್ಲಿ, ತಾರಸಿಯೆಲ್ಲಿ, ಹೊದಿಕೆಯೆಲ್ಲಿ? ಕಾಣುತ್ತಿಲ್ಲ ಎನ್ನಲು ಬಾಯಿ ತೆರೆದಳು. ಮಂಡಿ ನೋವಿನ ಜೀವ ಬಿಸಿಲಲ್ಲಿ ನಿಂತು ಕೈ ಬೀಸುತ್ತಿದೆ.

"ಕಾಣ್ತಿದೀರ ಅತ್ತೆ!" ಎಂದಳು. "ಎಷ್ಟು ಚೆನ್ನಾಗಿ ಕಾಣ್ತಿದೀರ! ಕೆಂಪು ಹೂವಿನ ಹಾಗೆ. ಸಾಕು, ಇಳಿದುಬಿಡಿ ಇನ್ನು."

"ಕೊಳ? ಕೊಳ ಹೇಗಿದೆ?"

"ಕಾಲು ನೀರಲ್ಲೇ ಇದೆ ಅತ್ತೆ. ಐಸ್ ಹಾಗೆ ಕೊರೀತಿದೆ. ಮೀನು ಬಂದು ಬೆರಳು ಕಚ್ತಿವೆ!"

ಫೋನು ಇಟ್ಟ ಮೇಲೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. "ಮೀನಾ?" ಎಂದ ಬೆಟ್ಟಣ್ಣ ಮೆಲ್ಲಗೆ. ಅವಳು ತಡೆಯಲು ನೋಡಿದಳು, ಆಗಲಿಲ್ಲ. ನಗು ಉಕ್ಕಿ ಬಂತು. ನಕ್ಕು ನಕ್ಕು ಬಂಡೆಗೆ ಒರಗಿಕೊಂಡಳು. ನಗು ಇಳಿದ ಮೇಲೆ ಕೇಳಿದಳು: "ನಿಮಗೂ ಹೀಗೇ ಶುರುವಾಗಿದ್ದಾ?"

"ಹೀಗೇ. ನೀನು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಕೇಳಿದ್ಯಲ್ಲ, ಅವತ್ತು."

ಅವಳು ಚಪ್ಪಲಿ ಮೆಟ್ಟಿಕೊಂಡು ಎದ್ದಳು. "ನಡೀರಿ. ಆ ಕವಲಿನ ಎಡಗಡೆ ಏನಿದೆ ನೋಡೋಣ. ಅತ್ತೆಗೆ ಹೇಳಿದ್ದು ಸುಳ್ಳಾಗಬಾರದು."

ಕವಲಿಗೆ ಇಳಿದು ಬಂದಾಗ ಅವಳ ಕಾಲಿಗೆ ಒಂದು ಹಲಗೆ ತಗುಲಿತು. ಎಲೆಗಳಡಿ ಬಿದ್ದು ಅರ್ಧ ಗೆದ್ದಲು ತಿಂದಿತ್ತು. ಎಡಕ್ಕೊಂದು ಬಾಣದ ಗುರುತು, ಕೊಳ; ಬಲಕ್ಕೊಂದು, ಊರ ನೋಟ. ಬೆಟ್ಟಣ್ಣನಿಗೆ ಆಗ ಹೊಳೆಯಿತು. ಎಡಕ್ಕೆ ಹೋದವರು ಕೊಳದ ಮಾತಾಡಿದ್ದರು, ಬಲಕ್ಕೆ ಹೋದವರು ಊರಿನ ಮಾತಾಡಿದ್ದರು. ಎರಡೂ ದಾರಿಯವರು ಒಂದೇ ವ್ಯಾನಿನಲ್ಲಿ ಕೂತು ಒಟ್ಟೊಟ್ಟಿಗೆ ಹರಟಿದ್ದನ್ನು ಕೇಳಿ ಅವನು ಇಲ್ಲದ ಒಂದು ಬೆಟ್ಟವನ್ನೇ ಕಟ್ಟಿಬಿಟ್ಟಿದ್ದ. "ಭಲೇ!" ಎಂದಳು ಹೆಂಡತಿ. "ಎರಡು ಅಂಗಿ ಹರಿದು ಒಂದು ಅಂಗಿ ಹೊಲಿದಿದೀರ."

ಎಡದ ದಾರಿಯಲ್ಲಿ ಮೊಸಳೆ ಬಂಡೆ ಬಾಯಿ ತೆರೆದು ಮಲಗಿತ್ತು. ಅದರ ಬೆನ್ನ ಮೇಲೆ ಕೂತು ಇಬ್ಬರೂ ಫೋಟೋ ಹೊಡೆದುಕೊಂಡರು. ಆಮೇಲೆ ಕೊಳ ಬಂತು, ಸುತ್ತಲೂ ಮರಗಳು ಮುಚ್ಚಿಕೊಂಡ ಸಣ್ಣ ಕೊಳ. ಇಬ್ಬರೂ ಕಾಲು ಇಳಿಬಿಟ್ಟು ಬುತ್ತಿ ಬಿಚ್ಚಿದರು. ನೀರು ನಿಜಕ್ಕೂ ಕೊರೆಯುತ್ತಿತ್ತು. ಮೀನು ಇರಲಿಲ್ಲ.

ಅಲ್ಲಿಂದ ಊರು ಕಾಣುತ್ತಿರಲಿಲ್ಲ. ಇಸ್ತ್ರಿಯಕ್ಕ ಕಣ್ಣು ಮುಚ್ಚಿ, "ಈಗ ಹೇಳಿ. ನಮ್ಮನೆ ತಾರಸಿ ಹೇಗೆ ಕಾಣುತ್ತೆ?" ಎಂದಳು.

ಗೇಲಿಯೋ ಏನೋ ಎಂದು ಅವನು ಅನುಮಾನದಿಂದ ನೋಡಿದ. ಅವಳು ಕಣ್ಣು ಮುಚ್ಚಿಯೇ ಕಾಯುತ್ತಿದ್ದಳು. ಬೆಟ್ಟಣ್ಣ ಗಂಟಲು ಸರಿಮಾಡಿಕೊಂಡು ಶುರು ಮಾಡಿದ: ಗುಮ್ಮಟದ ಎಡಕ್ಕೆ ನಮ್ಮ ಗಲ್ಲಿ, ಗಲ್ಲಿಯ ಕೊನೆಗೆ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕ ಅಮ್ಮ, ಅಮ್ಮನ ಕೈಯಲ್ಲಿ ಕೆಂಪು ಹೊದಿಕೆ, ಗಾಳಿಗೆ ಹೊದಿಕೆ ಅಮ್ಮನನ್ನೇ ಎಳೆದುಕೊಂಡು ಹೋಗುವ ಹಾಗಿದೆ. ಅವಳು ತಲೆದೂಗುತ್ತ ಕೇಳಿದಳು. ಕೊಳದಲ್ಲಿ ಕಾಲಿಟ್ಟುಕೊಂಡು ಮನೆಯ ತಾರಸಿ ತೋರಿಸುತ್ತೇನೆಂದು ಕೊಟ್ಟ ಮಾತು ಅಂತೂ ನಡೆಯಿತಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಕೆಳಗೆ ಟೀ ಅಂಗಡಿಯವನು ಎಷ್ಟು ಕಾದರೂ ಕೋತಿಗಳು ಒಂದು ವೈಪರನ್ನು ಹಾರಿಸಿಯೇಬಿಟ್ಟಿದ್ದವು. ಬೆಟ್ಟಣ್ಣ ಅದಕ್ಕೂ ನಕ್ಕುಬಿಟ್ಟ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರು. ಅತ್ತೆ ಮಂಚದ ಮೇಲೆ ಕಾಲು ನೀಡಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಬಂದ್ರಾ? ನನ್ನ ಕೈ ಇನ್ನೂ ನೋಯ್ತಿದೆ ನೋಡು. ಅಷ್ಟು ಬೀಸಿದೀನಿ," ಎಂದರು.

ಸೊಸೆಯ ಕಣ್ಣು ಮಂಚದ ಕಾಲ್ದೆಸೆಗೆ ಹೋಯಿತು. ಕೆಂಪು ಹೊದಿಕೆ ಬೆಳಿಗ್ಗೆ ಇಟ್ಟಲ್ಲೇ ಇತ್ತು. ಅದೇ ಚೌಕ, ಒಳಕ್ಕೆ ತಿರುವಿದ ಅದೇ ಮೂಲೆ. ಅವಳು ಒತ್ತಿದ ಒಂದು ಮಡಿಕೆಯೂ ಬಿಚ್ಚಿರಲಿಲ್ಲ.

ಅವಳು ಗಂಡನನ್ನು ನೋಡಿದಳು. ಅವನೂ ಹೊದಿಕೆಯನ್ನೇ ನೋಡುತ್ತಿದ್ದ.

"ಯಾಕೆ ಇಬ್ಬರೂ ಹಾಗೆ ನಿಂತಿರಿ? ಹೇಳಿ, ಕೆಂಪು ಚೆನ್ನಾಗಿ ಕಾಣಿಸ್ತಾ?" ಎಂದು ಅತ್ತೆ ಕಣ್ಣರಳಿಸಿ ಕೇಳಿದರು.

"ಚೆನ್ನಾಗಿ ಕಾಣಿಸ್ತು ಅತ್ತೆ," ಎಂದಳು ಇಸ್ತ್ರಿಯಕ್ಕ, ಅವರ ಕೈಯಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡು ಮಂಡಿಯ ಬಳಿ ಕೂರುತ್ತ. "ಒಂದು ಸುಕ್ಕೂ ಇರಲಿಲ್ಲ."